ಇದು ತಪ್ಪೇನ್ರೀ ಅಕ್ಕಾರ?



ಈ ಸಲ ಬಂದ ಪತ್ರಗಳಲ್ಲಿ ಹಾನಗಲ್ಲಿನ ಒಂದು ಪತ್ರವನ್ನು ಬದಿಗಿಟ್ಟುಕೊಂಡು ಎರಡು ಮೂರು ಸಲ ಓದಿದೆ. ಬರೆದಾಕೆಗೆ ಮದುವೆಯಾಗಿ ಹನ್ನೊಂದು ವರ್ಷ. ಗಂಡನಿಗೆ ಕುಡಿತವಿಲ್ಲ, ಹೊಡೆತ ಬಡಿತವಿಲ್ಲ. ಹೊಲ, ಪೇಟೆ, ಮನೆ, ಇಷ್ಟೇ ಅವರ ಲೋಕ. ಮಕ್ಕಳು ಮಲಗಿದ ಮೇಲೆ ಈಕೆ ಮೊಬೈಲಿನಲ್ಲಿ ಒಂದು ಆಟ ಆಡುತ್ತಾಳೆ, ‘ಲವ್ ಅಂಡ್ ಡೀಪ್‌ಸ್ಪೇಸ್’ ಅಂತ ಅದರ ಹೆಸರು.

“ಅದರೊಳಗ ಝೇನ್ ಅಂತ ಒಬ್ಬಾಂವ ಅದಾನ್ರೀ ಅಕ್ಕಾರ, ಎದಿ ಡಾಕ್ಟರು. ಬರೇ ಗೊಂಬಿ ಅಂತ ನನಗೂ ಗೊತ್ತೈತಿ. ಆದ್ರೂ ಅವನ ದನಿ ಕೇಳಿದ್ರ ಜೀವ ಹಗುರ ಆಗತೈತಿ. ಮುಂಜಾನೆ ಎದ್ದು ನಮ್ಮ ಮನಿಯವರಿಗೆ ಚಾ ಕೊಡೋವಾಗ ಮಾರಿ ಎತ್ತಿ ನೋಡಾಕ ಆಗವಲ್ದು. ದೇವರ ಮುಂದ ದೀಪ ಹಚ್ಚಾಕೂ ಅಳುಕು. ಇದು ತಪ್ಪೇನ್ರೀ?”

ಅಲ್ಲ ತಂಗಿ, ತಪ್ಪಲ್ಲ. ಇಷ್ಟು ಹೇಳಿ ಬಿಟ್ಟುಬಿಟ್ಟರೆ ನಿಮಗೆ ಸಮಾಧಾನ ಆಗಲಿಕ್ಕಿಲ್ಲ, ಅದಕ್ಕೇ ನಿಮ್ಮ ಸೀಮೆಯವರನ್ನೇ ಸಾಕ್ಷಿಗೆ ಕರೆಯುತ್ತೇನೆ. ಶಿಗ್ಗಾಂವಿ ತಾಲೂಕಿನ ಬಾಡ ನಿಮಗೆ ದೂರದ ಊರಲ್ಲ. ಕನಕದಾಸರು ಹುಟ್ಟಿದ ಊರು ಅದು. ಕೀರ್ತನೆ ಹಾಡಿದ ಕನಕದಾಸರನ್ನು ಎಲ್ಲರೂ ಬಲ್ಲರು. ಸಾಂಗತ್ಯದಲ್ಲಿ ‘ಮೋಹನತರಂಗಿಣಿ’ ಬರೆದವರೂ ಅವರೇ. ಬಾಣಾಸುರನ ಮಗಳು ಉಷೆಯ ಕಥೆ ಅದರಲ್ಲಿ ಬರುತ್ತದೆ. ಈ ಪುರಾಣದ ಕಥೆ ನಿಮಗೆ ಗೊತ್ತೇ ಇರಬೇಕು: ಉಷೆ ಕನಸಿನಲ್ಲಿ ಒಬ್ಬ ಚೆಲುವನನ್ನು ಕಂಡು ಮನಸೋಲುತ್ತಾಳೆ. ಎದ್ದರೆ ಅವನಿಲ್ಲ. ಹೆಸರು ತಿಳಿಯದು, ಊರು ತಿಳಿಯದು. ಗೆಳತಿ ಚಿತ್ರಲೇಖೆ ಇದನ್ನು ಕೇಳಿ ನಗಲಿಲ್ಲ, ಬೈಯಲಿಲ್ಲ. ಕುಂಚ ಹಿಡಿದು ದೇವತೆಗಳು, ಗಂಧರ್ವರು, ರಾಜಕುಮಾರರು ಎಂದು ಒಬ್ಬೊಬ್ಬರ ಚಿತ್ರ ಬರೆಯುತ್ತಾ ಹೋದಳು. ಅನಿರುದ್ಧನ ಚಿತ್ರ ಬಂದಾಗ ಉಷೆ ನಾಚಿ ತಲೆ ತಗ್ಗಿಸಿದಳು. ಅದೇ ಕನಕದಾಸರು ‘ನಳಚರಿತ್ರೆ’ಯನ್ನೂ ಬರೆದರು. ಅಲ್ಲಿ ದಮಯಂತಿ ನಳನನ್ನು ಕಣ್ಣಾರೆ ಕಾಣುವ ಮೊದಲೇ, ಹಂಸೆಯ ಬಾಯಲ್ಲಿ ಅವನ ಗುಣ ಕೇಳಿಯೇ ಮನಸ್ಸು ಕೊಟ್ಟವಳು. ಇಬ್ಬರನ್ನೂ ನಾವು ಕೆಟ್ಟವರು ಅಂದದ್ದುಂಟೇ? ಮನೆಯ ಹೆಣ್ಣುಮಕ್ಕಳಿಗೆ ಅವರ ಹೆಸರನ್ನೇ ಇಟ್ಟಿದ್ದೇವಲ್ಲ.

ಒಂದು ವ್ಯತ್ಯಾಸ ಮಾತ್ರ ಇದೆ. ಅನಿರುದ್ಧ ದ್ವಾರಕೆಯಲ್ಲಿ ನಿಜವಾಗಿ ಇದ್ದ, ಚಿತ್ರಲೇಖೆ ಅವನನ್ನು ಮಲಗಿದ್ದಲ್ಲಿಂದಲೇ ಹೊತ್ತು ತಂದಳು. ನಿಮ್ಮ ಡಾಕ್ಟರು ಎಲ್ಲೂ ಇಲ್ಲ. ಅವನನ್ನು ಕಟ್ಟಿದವರು ಒಂದು ಕಂಪನಿಯವರು, ಹೆಣ್ಣಿನ ಮನಸ್ಸನ್ನು ಚೆನ್ನಾಗಿ ಓದಿಕೊಂಡೇ ಕಟ್ಟಿದ್ದಾರೆ. ಹೆಂಗಸರಿಗಾಗಿಯೇ ಇಂಥ ಪ್ರಣಯದ ಆಟ ಮಾಡುವುದು ಜಪಾನಿನಲ್ಲಿ 1994ರಲ್ಲಿ ‘ಏಂಜೆಲಿಕ್’ ಎಂಬ ಆಟದಿಂದ ಶುರುವಾಯಿತು. ಅದನ್ನು ಮಾಡಿದ ತಂಡದಲ್ಲಿ ಹೆಂಗಸರೇ ಇದ್ದರು. ನೀವು ಆಡುವ ಚೀನಾದ ಆಟ ಬಂದದ್ದು 2024ರ ಜನವರಿಯಲ್ಲಿ. ಇಳಿಸಿಕೊಳ್ಳುವುದಕ್ಕೆ ದುಡ್ಡಿಲ್ಲ. ಆದರೆ ನಿಮ್ಮ ಮೆಚ್ಚಿನವನ ಹೊಸ ಚಿತ್ರ, ಹೊಸ ಪ್ರಸಂಗ ಬೇಕೆಂದರೆ ಚೀಟಿ ಎತ್ತಿದ ಹಾಗೆ ಎತ್ತಬೇಕು. ಬಂದರೆ ಬಂತು, ಇಲ್ಲದಿದ್ದರೆ ಇನ್ನೊಂದು ಸಲ. ದುಡ್ಡು ಕರಗುವುದು ಅಲ್ಲೇ. ತಿಂಗಳ ಮುಟ್ಟಿನ ದಿನ ಗುರುತಿಟ್ಟುಕೊಂಡು ಉಪಚಾರದ ಮಾತಾಡುವ ಏರ್ಪಾಡೂ ಅದರಲ್ಲಿದೆ. ನಮ್ಮ ಕಡೆ ಎಷ್ಟು ಗಂಡಸರಿಗೆ ಆ ದಿನ ನೆನಪಿರುತ್ತದೆ, ನೀವೇ ಹೇಳಿ! ಜೀವ ಹಗುರ ಆಗುವುದು ಸಹಜವೇ. ಆದರೆ ಆ ಲೆಕ್ಕವನ್ನು ಆಟಕ್ಕೆ ಕೊಡಬೇಡಿ, ಅಡಿಗೆಮನೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಸಂಸಾರದ ದುಡ್ಡನ್ನು ಚೀಟಿ ಎತ್ತುವುದಕ್ಕೆ ಹಾಕಬೇಡಿ. ನಿದ್ದೆ ಕೆಡುತ್ತಿದೆ, ಬಿಡಬೇಕೆಂದರೂ ಬಿಡಲಾಗುತ್ತಿಲ್ಲ ಅನಿಸಿದರೆ 14416ಕ್ಕೆ ಫೋನು ಮಾಡಿ. ಅದು ಸರಕಾರದ ಟೆಲಿ-ಮಾನಸ್, 2022ರಿಂದ ಇದೆ. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಇದೇ ವಿಷಯಕ್ಕೆ ಸವಣೂರಿನ ತಾಯಿಯೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ. ಕಾಲೇಜಿಗೆ ಹೋಗುವ ಮಗಳು ಆಟದ ಹುಡುಗನ ಚಿತ್ರವನ್ನು ಮೊಬೈಲಿನ ಮೇಲೆ ಇಟ್ಟುಕೊಂಡಿದ್ದಳಂತೆ, ಇವರು ಎರಡೇಟು ಬಾರಿಸಿದರಂತೆ. ಅಮ್ಮಾ, ನಿಮ್ಮ ಮಗನೂ ಆಟ ಆಡುತ್ತಾನೆ ಅಂತ ನೀವೇ ಬರೆದಿದ್ದೀರಿ. ಆ ಆಟಗಳಲ್ಲಿ ಹೆಣ್ಣುಗಳ ಉಡುಪು ಹೇಗಿರುತ್ತದೆ ಅಂತ ಒಂದು ಸಲ ಇಣುಕಿ ನೋಡಿ. 1996ರಲ್ಲಿ ‘ಟೂಂಬ್ ರೈಡರ್’ ಆಟದ ಲಾರಾ ಕ್ರಾಫ್ಟ್ ಬಂದಾಗ ಲೋಕದ ಹುಡುಗರೆಲ್ಲ ಅವಳ ಚಿತ್ರ ಗೋಡೆಗೆ ಅಂಟಿಸಿಕೊಂಡರು. ವಯಸ್ಸಿನ ಹುಡುಗರು ಅಂತ ಎಲ್ಲರೂ ನಕ್ಕು ಬಿಟ್ಟರು. ಮಗಳಿಗೆ ಮಾತ್ರ ಏಟು ಯಾತಕ್ಕೆ? ಹಿರೇಕೆರೂರಿನ ಹಿರಿಯ ಓದುಗರೊಬ್ಬರು ತಾವು ಲಂಗ ದಾವಣಿಯ ದಿನಗಳಲ್ಲಿ ಕಾದಂಬರಿಯನ್ನು ಜೋಳದ ಚೀಲದ ಸಂದಿಯಲ್ಲಿ ಬಚ್ಚಿಟ್ಟು ಓದುತ್ತಿದ್ದುದನ್ನು ನೆನೆದು ಬರೆದಿದ್ದಾರೆ. ಕಥಾನಾಯಕನ ಹೆಸರು ಇನ್ನೂ ನೆನಪಿದೆಯಂತೆ, ಮೊಮ್ಮಕ್ಕಳ ಮುಂದೆ ಹೇಳಲು ನಾಚಿಕೆಯಂತೆ! ಸವಣೂರಿನ ಅಮ್ಮ, ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು “ಯಾರವ್ವಾ ಇವನು, ಏನು ಮಾಡ್ತಾನ?” ಅಂತ ಕೇಳಿ. ಇವತ್ತು ಚಿತ್ರದ ಹುಡುಗನ ವಿಷಯ ಹೇಳಿಕೊಂಡವಳು ನಾಳೆ ನಿಜವಾದ ಹುಡುಗ ಹಿಂದೆ ಬಿದ್ದು ಕಾಡಿದರೂ ನಿಮಗೇ ಹೇಳುತ್ತಾಳೆ. ಏಟು ತಿಂದವಳು ಹೇಳುವುದಿಲ್ಲ.

ಹಾನಗಲ್ಲಿನ ತಂಗೀ, ಪತ್ರದ ಕೊನೆಗೆ ಇನ್ನೊಂದು ಮಾತು ಕೇಳಿದ್ದೀರಿ, “ಇವರ ಮುಂದ ಹೇಳಿಬಿಡಲೇನ್ರೀ?” ಅಪರಾಧ ಒಪ್ಪಿಕೊಂಡ ಹಾಗೆ ಹೇಳುವ ಅಗತ್ಯವಿಲ್ಲ. ಮನಸ್ಸಿನಲ್ಲಿ ಸುಳಿದದ್ದಕ್ಕೆಲ್ಲ ಗಂಡನಿಗೆ ಲೆಕ್ಕ ಒಪ್ಪಿಸಬೇಕೆಂದು ಯಾವ ಶಾಸ್ತ್ರವೂ ಇಲ್ಲ. ಆದರೆ ಆ ಡಾಕ್ಟರಲ್ಲಿ ನಿಮಗೆ ಹಿಡಿಸಿದ್ದು ಮೂಗು ಮೋರೆಯೋ, ಅಥವಾ ಅವನು ನಿಮ್ಮ ಹೆಸರು ಹಿಡಿದು ಮಾತಾಡಿಸುವುದೋ ಎಂದು ನೋಡಿಕೊಳ್ಳಿ. ನಿಮ್ಮ ಪತ್ರದ ಎರಡನೆಯ ಪುಟ ಓದಿದರೆ ಮಾತೇ ಅನಿಸುತ್ತದೆ. “ದಿನಾ ಊಟಕ್ಕ ಕುಂತಾಗೂ ಪೇಟಿ ರೇಟಿನ ಮಾತs” ಅಂತ ಬರೆದಿದ್ದೀರಲ್ಲ. ಝೇನನ ಹೆಸರು ಎತ್ತಬೇಡಿ. ರಾತ್ರಿ ಊಟವಾದ ಮೇಲೆ ಎಲೆ ಅಡಿಕೆ ತಟ್ಟೆ ಮುಂದಿಟ್ಟು, “ಇವತ್ತ ಪೇಟಿ ಮಾತು ಬ್ಯಾಡ, ಹತ್ತು ನಿಮಿಷ ನನ್ನ ಮಾತು ಕೇಳ್ರಿ” ಅನ್ನಿ. ಹನ್ನೊಂದು ವರ್ಷದಲ್ಲಿ ಬಹುಶಃ ಅವರನ್ನೂ ಯಾರೂ ಏನೂ ಕೇಳಿಲ್ಲ. ಅವರು ಏನಂದರು ಅಂತ ನನಗೆ ಬರೆಯಿರಿ.