ಬಿಟ್ಟಿ ಚಾಕರಿ ಬಿಡಿಸಿದವರು ಬಿಟ್ಟಿ ಬರೆಸಬೇಡಿ

ಪೋಸ್ಟ್ ಸ್ವಲ್ಪ ಉದ್ದ ಇದೆ. ಬೈಯೋದಿದ್ರೆ ಪೂರ್ತಿ ಓದಿ ಬೈಯಿರಿ.

ಮಾರ್ಚ್ ಕೊನೇ ವಾರ ಒಂದು ಪತ್ರಿಕೆಯಿಂದ ಫೋನ್ ಬಂತು. ಹೆಸರು ಹೇಳಲ್ಲ, ಯಾಕಂದ್ರೆ ಇದು ಒಬ್ಬರ ಕಥೆ ಅಲ್ಲ. “ಸರ್, ಏಪ್ರಿಲ್ 14ಕ್ಕೆ ವಿಶೇಷ ಪುಟ ಮಾಡ್ತಿದೀವಿ. ನಿಮ್ಮ ಕಡೆಯ ಪಿಟಿಸಿಎಲ್ ಜಮೀನಿನ ಸಮಸ್ಯೆ ಬಗ್ಗೆ 1,200 ಪದ ಬೇಕು, ಮೂರು ದಿನದಲ್ಲಿ.” ಬರೀತೀನಿ, ಸಂಭಾವನೆ ಎಷ್ಟು ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಬಂದ ಮಾತು: “ಹೋರಾಟಗಾರರು ನೀವೇ ಹಿಂಗೆ ಕೇಳಿದ್ರೆ ಹೆಂಗೆ ಸರ್?”

ಹೆಂಗೆ ಅಂತ ಹೇಳ್ತೀನಿ ಕೇಳಿ.

ಅದನ್ನ ಬರೀಬೇಕಂದ್ರೆ ಸಾದಲಿಯಿಂದ ಶಿಡ್ಲಘಟ್ಟಕ್ಕೆ ಹೋಗಿ ತಾಲ್ಲೂಕು ಕಚೇರಿಯಲ್ಲಿ ಹಳೇ ಪಹಣಿ, ಮ್ಯುಟೇಶನ್, ಸಾಗುವಳಿ ಚೀಟಿಯ ನಕಲು ತೆಗೆಸಬೇಕು. ನನ್ನ ಒಂದು ದಿನದ ರಜೆ ಹೋಯ್ತು. ಬಸ್ ಚಾರ್ಜು, ಜೆರಾಕ್ಸು ನನ್ನ ಜೇಬಿಂದ. ರಾತ್ರಿ ಊಟ ಆದ ಮೇಲೆ ಮೊಬೈಲಲ್ಲಿ ಟೈಪು. ಅದೇ ಪುಟದ ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ ಹಾಕಿದ ಜಾಹೀರಾತು ಇರ್ತದೆ, ಅದಕ್ಕೆ ಚದರ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು. ಫೋನ್ ಮಾಡಿದವರಿಗೆ ಸಂಬಳ ಇದೆ, ಪುಟ ಕಟ್ಟಿದವರಿಗೆ ಇದೆ, ಬೆಳಿಗ್ಗೆ ಪೇಪರ್ ಹಾಕೋ ಹುಡುಗನಿಗೂ ಇಷ್ಟು ಅಂತ ಇದೆ. ಬರೆದವನಿಗೆ ಮಾತ್ರ ‘ಹೋರಾಟ’.

ನಮ್ಮ ತಾತ ಊರಹಬ್ಬಕ್ಕೆ ತಮಟೆ ಬಡೀತಿದ್ದ. ಕೂಲಿ ಕೇಳಿದ್ರೆ “ದೇವರ ಕೆಲಸಕ್ಕೂ ಕೂಲಿ ಕೇಳ್ತೀಯೇನೋ” ಅನ್ನೋರು. ಈಗ ದೇವರ ಜಾಗಕ್ಕೆ ಹೋರಾಟ ಬಂದಿದೆ, ಅಷ್ಟೇ ವ್ಯತ್ಯಾಸ. ಜೀತ ರದ್ದು ಮಾಡಿದ ಕಾಯ್ದೆ 1976ರಲ್ಲೇ ಬಂತು. ಬಿಟ್ಟಿ ತಮಟೆ ಬಡಿಯಲ್ಲ ಅನ್ನೋದಕ್ಕೆ ನಮ್ಮ ಹಿರಿಯರು ಬಹಿಷ್ಕಾರ ಎದುರಿಸಿದ್ರು. ಅಕ್ಷರ ಕಲಿತ ನಾವು ಬಿಟ್ಟಿ ಬರೆದುಕೊಟ್ಟು, ಪೇಪರ್ ಕಟಿಂಗ್ ಇಲ್ಲಿ ಹಾಕಿ, ಲೈಕ್ ಎಣಿಸ್ತಾ ಕೂತಿದೀವಿ.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ರೇಷ್ಮೆಗೂಡು ತಂದವನಿಗೆ ಹರಾಜಲ್ಲಿ ಕೆಜಿಗೆ ಇಷ್ಟು ಅಂತ ಬೆಲೆ ಕಟ್ತಾರೆ. ರೇಟು ಬಿದ್ರೆ ಅವನು ಜಗಳ ಆಡಬಹುದು, ಯಾಕಂದ್ರೆ ರೇಟು ಅನ್ನೋದು ಒಂದಿದೆ. ನಮ್ಮ ಬರಹಕ್ಕೆ ಜಗಳ ಆಡೋದಕ್ಕೂ ಒಂದು ರೇಟಿಲ್ಲ.

ಇದು ನನ್ನೊಬ್ಬನ ಐನೂರು ರೂಪಾಯಿ ಪ್ರಶ್ನೆ ಅಲ್ಲ. ನಾನು ತಿಂಗಳ ಸಂಬಳದ ಗುಮಾಸ್ತ, ಬಿಟ್ಟಿ ಬರೆದ್ರೂ ನನ್ನ ಮನೆ ನಡೀತದೆ. ಫಿಲೇಚರಿನಲ್ಲಿ ಬಿಸಿನೀರಿಗೆ ಕೈ ಅದ್ದಿ ನೂಲು ತೆಗೆಯೋ ಹೆಣ್ಣುಮಗಳು ಬರೀಬೇಕಂದ್ರೆ ಆ ದಿನದ ಕೂಲಿ ಬಿಡಬೇಕು. ಹೆಂಗೆ ಬಿಡ್ತಾಳೆ? ಬಿಟ್ಟಿ ಬರೆಯೋ ಶಕ್ತಿ ಇರೋದು ಅಪ್ಪನ ಆಸ್ತಿ ಇರೋರಿಗೆ, ಯುಜಿಸಿ ಸಂಬಳ ಇರೋರಿಗೆ. ಕಡೆಗೆ ಆ ಹೆಣ್ಣುಮಗಳ ಬದುಕಿನ ಬಗ್ಗೆಯೂ ಅವರೇ ಬರೀತಾರೆ. ಬಾಗಿಲಲ್ಲಿ ನಿಂತು ಜಾತಿ ಕೇಳೋ ಅಗತ್ಯ ಇಲ್ಲ, ಸಂಭಾವನೆ ಕೊಡದಿದ್ರೆ ಸಾಕು. ನಮ್ಮವರು ತಾವಾಗೇ ಹೊರಗೆ ಉಳೀತಾರೆ.

2012ರ ಏಪ್ರಿಲ್ 14ರಂದು ‘ಪ್ರಜಾವಾಣಿ’ಗೆ ದೇವನೂರ ಮಹಾದೇವ ಅವರು ಅತಿಥಿ ಸಂಪಾದಕರಾಗಿದ್ದರು. ಆ ಸಂಚಿಕೆಯನ್ನ ಎತ್ತಿಟ್ಟುಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅದು ದೊಡ್ಡ ಕೆಲಸ. ಆದರೆ ಒಟ್ಟಾರೆ ಕನ್ನಡ ಪತ್ರಿಕೆಗಳಿಗೆ ನಾವು ನೆನಪಾಗೋದು ಏಪ್ರಿಲ್ 14ಕ್ಕೆ, ಡಿಸೆಂಬರ್ 6ಕ್ಕೆ, ಇಲ್ಲಾಂದ್ರೆ ಕಂಬಾಲಪಲ್ಲಿಯಂಥದ್ದು ನಡೆದಾಗ. ಬಜೆಟ್ ಬಗ್ಗೆ, ಸಿನಿಮಾ ಬಗ್ಗೆ, ಅಂತರ್ಜಲದ ಬಗ್ಗೆ ಬರೆಯೋಕೆ ದಲಿತ ಲೇಖಕನಿಗೆ ಫೋನ್ ಬರಲ್ಲ. ನಾವು ಸೀಸನ್ ಕೂಲಿಗಳು, ಅದೂ ಕೂಲಿ ಇಲ್ಲದ ಕೂಲಿಗಳು.

ಪುಸ್ತಕದ ಕಥೆ ಇನ್ನೂ ಚೆನ್ನಾಗಿದೆ. ನನ್ನ ಹಸ್ತಪ್ರತಿ ನೋಡಿದ ಪ್ರಕಾಶಕರೊಬ್ಬರು “ನೀವು ಮೂವತ್ತು ಸಾವಿರ ಹಾಕಿ, ನೂರು ಪ್ರತಿ ಕೊಡ್ತೀವಿ, ಹಕ್ಕು ಪ್ರಕಾಶನದ್ದು” ಅಂದ್ರು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಸಹಾಯಧನ ಕೊಡ್ತದೆ, ಸಂತೋಷ. ನಮ್ಮಲ್ಲಿ ಎಷ್ಟೋ ಜನ ಸಾಲ ತೀರಿಸಿ, ತಂಗಿ ಮದುವೆ ಮಾಡಿ ಮೊದಲ ಪುಸ್ತಕ ಬರೆಯೋ ಹೊತ್ತಿಗೆ ‘ಯುವ’ ಅನ್ನೋ ವಯಸ್ಸು ಮುಗಿದಿರ್ತದೆ.

“ಬಾಬಾಸಾಹೇಬರು ದುಡ್ಡಿಗಾಗಿ ಬರೆದ್ರಾ?” ಅಂತ ಕೇಳೋರು ಇದ್ದಾರೆ. ಅವರಿಗೆ ಒಂದಷ್ಟು ಲೆಕ್ಕ ಹೇಳ್ತೀನಿ. 1920ರಲ್ಲಿ ‘ಮೂಕನಾಯಕ’ ಶುರುವಾಗಿದ್ದು ಶಾಹು ಮಹಾರಾಜರು ಕೊಟ್ಟ 2,500 ರೂಪಾಯಿಯಿಂದ. ದುಡ್ಡು ಕೊಡ್ತೀವಿ ಅಂದ್ರೂ ಅದರ ಜಾಹೀರಾತನ್ನ ‘ಕೇಸರಿ’ ಹಾಕಲಿಲ್ಲ. 1936ರಲ್ಲಿ ಲಾಹೋರಿನ ಭಾಷಣ ರದ್ದಾದಾಗ ‘ಜಾತಿ ವಿನಾಶ’ವನ್ನ ಅವರೇ ಸ್ವಂತ ಖರ್ಚಲ್ಲಿ 1,500 ಪ್ರತಿ ಅಚ್ಚು ಹಾಕಿಸಿದ್ರು, ಎರಡು ತಿಂಗಳಲ್ಲಿ ಖಾಲಿಯಾಯ್ತು. 1956ರ ಸೆಪ್ಟೆಂಬರಿನಲ್ಲಿ, ಕಾಯಿಲೆ ಬಿದ್ದಿದ್ದಾಗ, ನೆಹರೂ ಅವರಿಗೆ ಪತ್ರ ಬರೆದ್ರು: ‘ಬುದ್ಧ ಮತ್ತು ಆತನ ಧಮ್ಮ’ದ ಅಚ್ಚಿನ ಖರ್ಚು ಸುಮಾರು 20,000 ರೂಪಾಯಿ ಆಗ್ತದೆ, ಸರ್ಕಾರ 500 ಪ್ರತಿ ಕೊಳ್ಳೋಕೆ ಆಗ್ತದಾ ಅಂತ. ಅದಕ್ಕಿಟ್ಟ ಹಣ ಮುಗಿದಿದೆ ಅಂತ ಉತ್ತರ ಬಂತು. ಪುಸ್ತಕ ಹೊರಬಂದಾಗ ಅವರು ಇರಲಿಲ್ಲ. ಸಂವಿಧಾನ ಬರೆದವರೇ ತಮ್ಮ ಪುಸ್ತಕಕ್ಕೆ ಕೊಳ್ಳುವವರನ್ನ ನಾಚಿಕೆ ಪಡದೆ ಕೇಳಿದ್ದಾರೆ. ನಮಗ್ಯಾಕೆ ನಾಚಿಕೆ?

ಈಗ ನಮ್ಮ ಮನೆ ವಿಷಯಕ್ಕೆ ಬರೋಣ, ಸಿಟ್ಟು ಬರೋದು ಇಲ್ಲೇ. ಜಯಂತಿಗೆ ಚಂದಾ ಎತ್ತುತೀವಿ. ಫ್ಲೆಕ್ಸಿನವನಿಗೆ, ಶಾಮಿಯಾನದವನಿಗೆ, ಡಿಜೆಯವನಿಗೆ, ಅಡುಗೆಯವರಿಗೆ ಕೈಯಲ್ಲಿ ದುಡ್ಡು ಕೊಡ್ತೀವಿ. ರಾತ್ರಿಯೆಲ್ಲಾ ಕೂತು ಕರಪತ್ರ, ಮನವಿಪತ್ರ, ನೆನಪಿನ ಸಂಚಿಕೆ ಬರೆದವನಿಗೆ “ನಮ್ಮ ತಮ್ಮ ಅಲ್ವಾ”. ಪುಸ್ತಕ ತಂದ್ರೆ “ಅಣ್ಣಾ, ನಮಗೊಂದು ಗೌರವ ಪ್ರತಿ”. ನಮ್ಮ ಚಳವಳಿಗೆ ಪುಸ್ತಕ ಮಾರೋ ಶಕ್ತಿ ಇಲ್ಲ ಅಂತಲೂ ಅಲ್ಲ. 2022ರಲ್ಲಿ ದೇವನೂರರ ‘ಆರ್‌ಎಸ್‌ಎಸ್ ಆಳ ಮತ್ತು ಅಗಲ’ವನ್ನ ಹಲವು ಸಣ್ಣ ಪ್ರಕಾಶನಗಳು ಒಟ್ಟಿಗೆ ಅಚ್ಚು ಹಾಕಿದವು, ಊರೂರಲ್ಲಿ ನಾವೇ ಮಾರಿದ್ವಿ.

ಆದ್ದರಿಂದ ಕೆಲವು ಮಾತು ನೇರವಾಗಿ. ಒಂದು, ನಮ್ಮ ಪತ್ರಿಕೆ, ಸಂಚಿಕೆಗಳು ಲೇಖನ ಕೇಳುವಾಗಲೇ ಸಂಭಾವನೆ ಹೇಳಲಿ, ಐನೂರಾದರೂ ಸರಿ. ಎರಡು, ಜಯಂತಿ ಚಂದಾದಲ್ಲಿ ಒಂದು ಪಾಲು ಪುಸ್ತಕ ಕೊಳ್ಳೋಕೆ ತೆಗೆದಿಡಿ, ಡಿಜೆ ಒಂದು ಗಂಟೆ ಕಮ್ಮಿ ಆಗಲಿ. ಮೂರು, ಬರೆಯೋ ಮೊದಲು ರೇಟು ಕೇಳಿ. ನಾಲ್ಕು, ಕಾನೂನು ತಿಳ್ಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ಸಂಬಳದ ನೌಕರ ಅಲ್ಲದೆ ಹೊರಗಿನಿಂದ ಬರೆದ ಲೇಖನಕ್ಕೆ ಮೊದಲ ಒಡೆಯ ಬರೆದವನೇ. ಬರಹದಲ್ಲಿ, ಸಹಿ ಹಾಕಿ ಕೊಟ್ಟರೆ ಮಾತ್ರ ಹಕ್ಕು ವರ್ಗ ಆಗ್ತದೆ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ರೆ ಐದೇ ವರ್ಷ. ಬಾಯಿಮಾತಲ್ಲಿ “ಹಕ್ಕು ನಮ್ಮದು” ಅಂದವರಿಗೆ 19ನೇ ಕಲಂ ತೋರಿಸಿ.

ಆ ಲೇಖನ ನಾನು ಕೊಡಲಿಲ್ಲ. ವಿಶೇಷ ಪುಟ ಬಂತು, ನಮ್ಮ ಕಡೆ ಜಮೀನಿನ ಸುದ್ದಿ ಅದರಲ್ಲಿ ಇರಲಿಲ್ಲ. ಜಮೀನು ಕಳ್ಕೊಂಡ ಅಜ್ಜಿ “ಪೇಪರಲ್ಲಿ ಬಂತಾ ನಾಯನಾ?” ಅಂತ ಕೇಳಿದ್ಳು. ತಲೆ ಎತ್ತಿ ಉತ್ತರ ಕೊಡೋಕೆ ಆಗಲಿಲ್ಲ. ಸಂಭಾವನೆ ಕೇಳಿದ್ದಕ್ಕೆ ತೆತ್ತ ಬೆಲೆ ಅದು, ಮುಚ್ಚಿಡಲ್ಲ. ಅಜ್ಜಿಯ ದಾಖಲೆ ಎಲ್ಲಾ ನನ್ನ ಹತ್ರ ಇದೆ. ಬರೋ ಭಾನುವಾರ ಇಲ್ಲೇ ಬರೀತೀನಿ, ಒಂದು ಪೈಸೆ ಇಲ್ಲದೆ. ಅಜ್ಜಿಗೆ ನಾನಾಗೇ ಕೊಡೋದು ಬೇರೆ, ಜಾಹೀರಾತಿನ ದುಡ್ಡು ಎಣಿಸೋರು ನನ್ನಿಂದ ಕಿತ್ಕೊಳ್ಳೋದು ಬೇರೆ.

ನಮ್ಮ ಸಂಘಟನೆಗಳಲ್ಲಿ ಯಾರು ಮೊದಲು ಸಂಭಾವನೆ ಘೋಷಿಸ್ತೀರಿ? ಕೆಳಗೆ ಬರೀರಿ. ಜೈಭೀಮ್.