ಹಳಗನ್ನಡವನ್ನು ಕಲಿಸುವವರ ಸಿದ್ಧತೆ: ಎರಡು ವಿಭಾಗಗಳ ನಡುವಿನ ಕಂದರ

ಹತ್ತನೆಯ ತರಗತಿಯ ಪ್ರಥಮಭಾಷೆ ಕನ್ನಡ ಪಠ್ಯದಲ್ಲಿ ಪಂಪ, ರನ್ನ, ದುರ್ಗಸಿಂಹರಂಥ ಪ್ರಾಚೀನರಿಗೆ ಸ್ಥಾನ ದೊರೆತಿದೆ. ಮುಂದೆ ವಿಜ್ಞಾನ, ವಾಣಿಜ್ಯ, ತಾಂತ್ರಿಕ ಶಿಕ್ಷಣಗಳತ್ತ ಹೊರಳುವ ವಿದ್ಯಾರ್ಥಿಗಳಲ್ಲಿ ಅನೇಕರು ಹಳಗನ್ನಡದ ಬಗೆಗೆ ಜೀವನಪರ್ಯಂತ ಉಳಿಸಿಕೊಳ್ಳುವ ಅಭಿಪ್ರಾಯ ರೂಪುಗೊಳ್ಳುವುದು ಪ್ರೌಢಶಾಲೆಯ ಈ ಕೆಲವು ಪಾಠಗಳಲ್ಲಿಯೇ. ಆದ್ದರಿಂದ ಆ ಪಾಠಗಳನ್ನು ಮಾಡುವ ಅಧ್ಯಾಪಕರನ್ನು ವಿಶ್ವವಿದ್ಯಾಲಯಗಳು ಹೇಗೆ ಸಿದ್ಧಗೊಳಿಸುತ್ತಿವೆ ಎಂಬ ಪ್ರಶ್ನೆ ಶಿಕ್ಷಣಶಾಸ್ತ್ರಜ್ಞರಿಗೆ ಮಾತ್ರ ಸಂಬಂಧಿಸಿದುದಲ್ಲ. ಅದು ಸಾಹಿತ್ಯಸಂಶೋಧನೆಯ ಭವಿಷ್ಯಕ್ಕೂ ಸಂಬಂಧಿಸಿದ ಪ್ರಶ್ನೆ.

ಪ್ರೌಢಶಾಲಾ ಅಧ್ಯಾಪಕರಾಗಲು ಪದವಿಯ ಜೊತೆಗೆ ಬಿ.ಎಡ್. ಅಗತ್ಯ. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ ಒಂದು ವರ್ಷದ ಬಿ.ಎಡ್. ಎರಡು ವರ್ಷಗಳಿಗೆ ವಿಸ್ತರಿಸಿತು. ಶಿಕ್ಷಣದ ತಾತ್ತ್ವಿಕ ನೆಲೆಗಳು, ಪಠ್ಯಕ್ರಮ ಹಾಗೂ ಬೋಧನಾ ಅಧ್ಯಯನ, ಕ್ಷೇತ್ರಕಾರ್ಯ ಎಂಬ ಮೂರು ಭಾಗಗಳಲ್ಲಿ ವ್ಯಾಸಂಗವು ಹಂಚಿಕೊಂಡಿತು. ಶಾಲೆಗಳಲ್ಲಿ ನಡೆಯುವ ಕ್ಷೇತ್ರಾನುಭವಕ್ಕೆ ಒಟ್ಟು 20 ವಾರಗಳು ಮೀಸಲಾದವು. ಉದ್ದೇಶವೂ ಚೌಕಟ್ಟೂ ಶ್ಲಾಘನೀಯವೇ. ಆದರೆ ಈ ಚೌಕಟ್ಟಿನ ತಳದಲ್ಲಿ ಒಂದು ಗ್ರಹಿಕೆ ಅಡಗಿದೆ: ವಿಷಯಜ್ಞಾನವು ಪದವಿಯಲ್ಲಿಯೇ ಪೂರೈಸಿದೆ, ಇಲ್ಲಿ ಕಲಿಯಬೇಕಾದುದು ಬೋಧನಾವಿಧಾನ ಮಾತ್ರ ಎಂಬುದೇ ಆ ಗ್ರಹಿಕೆ. ಕನ್ನಡದ ಮಟ್ಟಿಗೆ ಇದು ನಿಲ್ಲುವುದಿಲ್ಲ. ಮೂರು ಐಚ್ಛಿಕ ವಿಷಯಗಳಲ್ಲಿ ಒಂದಾಗಿ ಕನ್ನಡವನ್ನು ಓದಿದ ಪದವೀಧರರು ಹಳಗನ್ನಡದ ಕೆಲವು ಆಯ್ದ ಭಾಗಗಳನ್ನಷ್ಟೇ ಕಂಡಿರುತ್ತಾರೆ. ಎಂ.ಎ. ಮುಗಿಸಿ ಬಂದವರು ಕಾವ್ಯಗಳನ್ನು ಇಡಿಯಾಗಿ ಓದಿರಬಹುದು. ಆದರೆ ಹದಿನೈದರ ಹರೆಯದ ಮಕ್ಕಳ ಮುಂದೆ ಒಂದು ಕಂದಪದ್ಯವನ್ನು ಹೇಗೆ ತೆರೆದಿಡಬೇಕೆಂಬುದನ್ನು ಅವರಿಗೆ ಯಾರೂ ತೋರಿಸಿರುವುದಿಲ್ಲ.

ಈ ಕೊರತೆಯ ಸ್ವರೂಪವನ್ನು ಕೆಲವು ನಿದರ್ಶನಗಳಿಂದ ಸ್ಪಷ್ಟಪಡಿಸಿಕೊಳ್ಳಬಹುದು. ‘ಪಾಲ್’ ಎಂಬುದು ‘ಹಾಲು’ ಆದುದೇಕೆ ಎಂದು ವಿದ್ಯಾರ್ಥಿಯೊಬ್ಬ ಕೇಳಿದನೆಂದಿಟ್ಟುಕೊಳ್ಳೋಣ. ಪಕಾರವು ಹಕಾರವಾಗುವುದನ್ನು ಎಂ.ಎ. ತರಗತಿಯಲ್ಲಿ ಧ್ವನಿವ್ಯತ್ಯಾಸವೆಂದು ಓದಿದವರು ಅದೇ ಪರಿಭಾಷೆಯನ್ನು ಒಪ್ಪಿಸುತ್ತಾರೆ. ಓದದವರು ‘ಹಳಗನ್ನಡದಲ್ಲಿ ಹಾಗೆಯೇ’ ಎಂದು ಮುಗಿಸುತ್ತಾರೆ. ಪೂ–ಹೂ, ಪತ್ತು–ಹತ್ತು, ಪುಲಿ–ಹುಲಿ ಎಂಬ ಜೋಡಿಗಳನ್ನು ಮಕ್ಕಳಿಂದಲೇ ಹುಡುಕಿಸಿ, ತಮಿಳಿನ ‘ಪಾಲ್’, ‘ಪತ್ತು’ಗಳನ್ನು ಪಕ್ಕದಲ್ಲಿರಿಸಿ, ನಿಯಮವನ್ನು ಅವರೇ ಊಹಿಸುವಂತೆ ಮಾಡುವುದು ಮೂರನೆಯ ದಾರಿ. ಅದಕ್ಕೆ ಭಾಷಾಶಾಸ್ತ್ರವೂ ಬೇಕು, ಬೋಧನಾಕೌಶಲವೂ ಬೇಕು.

‘ಉಪಸರ್ಗ’ ಎಂಬ ಶಬ್ದವೂ ಇಂಥದೇ. ವ್ಯಾಕರಣದಲ್ಲಿ ಅದು ಪ್ರ, ಪರಾ ಮುಂತಾದವುಗಳ ಹೆಸರು. ವಡ್ಡಾರಾಧನೆಯಲ್ಲಿ ಅದು ತಪಸ್ವಿಗಳಿಗೆ ಎದುರಾಗುವ, ಸಮಭಾವದಿಂದ ಸಹಿಸಬೇಕಾದ ಕಡುಕಷ್ಟ. ಆ ಕೃತಿಯ 19 ಕಥೆಗಳನ್ನು ಒಂದು ಸೂತ್ರದಲ್ಲಿ ಹಿಡಿದಿರಿಸುವ ಭಾವನೆಯೇ ಅದು. ಈ ವ್ಯತ್ಯಾಸವನ್ನರಿಯದ ಅಧ್ಯಾಪಕರ ಕೈಯಲ್ಲಿ ಸುಕುಮಾರಸ್ವಾಮಿಯ ಕಥೆಯು ಒಬ್ಬ ಸುಖಲೋಲುಪನ ವಿಚಿತ್ರ ಅಂತ್ಯವಾಗಿ ಉಳಿದುಬಿಡುತ್ತದೆ. ಛಂದಸ್ಸಿನ ಪಾಡೂ ಇದೇ. 12, 20, 12, 20 ಮಾತ್ರೆಗಳ ಕಂದಕ್ಕೆ ಪ್ರಸ್ತಾರ ಹಾಕುವುದನ್ನು ಮಕ್ಕಳು ಅಂಕಗಳಿಗಾಗಿ ಕಲಿಯುತ್ತಾರೆ. ಆ ನಾಲ್ಕು ಸಾಲುಗಳ ನಡಿಗೆಯನ್ನು ಕಿವಿಯಿಂದ ಕೇಳುವುದಿಲ್ಲ. ಪದಚ್ಛೇದ ಮಾಡಿ ಗಟ್ಟಿಯಾಗಿ ಓದುವ ಅಭ್ಯಾಸವೇ ಅಧ್ಯಾಪಕರಿಗೆ ಆಗಿರದಿದ್ದರೆ ಅದು ಮಕ್ಕಳಿಗೆ ಎಲ್ಲಿಂದ ಬರಬೇಕು?

ಈ ಒಡಕು ಹೊಸತಲ್ಲ. ಅಧ್ಯಾಪಕ ಶಿಕ್ಷಣವು ವಿಶ್ವವಿದ್ಯಾಲಯದ ವಿದ್ವತ್ ಜೀವನದಿಂದಲೂ ಶಾಲೆಗಳ ದೈನಂದಿನ ಸಮಸ್ಯೆಗಳಿಂದಲೂ ಪ್ರತ್ಯೇಕಗೊಂಡಿದೆ ಎಂದು 1964–66ರ ಕೊಠಾರಿ ಆಯೋಗವೇ ಗುರುತಿಸಿತ್ತು. ಅದಕ್ಕೂ ಮುನ್ನ, 1963ರಲ್ಲಿ, ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಆರಂಭವಾಗಿ ವಿಷಯವನ್ನೂ ವಿಧಾನವನ್ನೂ ಒಟ್ಟಿಗೆ ಕಲಿಸುವ ನಾಲ್ಕು ವರ್ಷಗಳ ಸಂಯೋಜಿತ ವ್ಯಾಸಂಗಕ್ಕೆ ದಾರಿ ತೆರೆದಿತ್ತು. ಆ ಮಾದರಿ ವ್ಯಾಪಕವಾಗಿ ಹರಡಲಿಲ್ಲ; ಬದಲಿಗೆ ಬಿಡಿಬಿಡಿಯಾಗಿ ನಿಂತ ಖಾಸಗಿ ತರಬೇತಿ ಕಾಲೇಜುಗಳು ಹೆಚ್ಚಿದವು. ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗವು 2012ರಲ್ಲಿ ಅವುಗಳ ದುಃಸ್ಥಿತಿಯನ್ನು ಬಿಚ್ಚಿಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ ನಾಲ್ಕು ವರ್ಷಗಳ ಸಂಯೋಜಿತ ಬಿ.ಎಡ್. ಅನ್ನು ಅಧ್ಯಾಪಕರ ಕನಿಷ್ಠ ಅರ್ಹತೆಯನ್ನಾಗಿಸಬೇಕೆಂದು ಹೇಳಿ ಹಳೆಯ ಮಾದರಿಗೇ ಮರಳಿದೆ. ಆದರೆ ವರ್ಷಗಳನ್ನು ಒಂದುಗೂಡಿಸಿದ ಮಾತ್ರಕ್ಕೆ ವಿಭಾಗಗಳು ಒಂದಾಗುವುದಿಲ್ಲ. ಒಂದೇ ಆವರಣದಲ್ಲಿದ್ದೂ ಕನ್ನಡ ಅಧ್ಯಯನ ವಿಭಾಗದವರು ಶಿಕ್ಷಣ ವಿಭಾಗದ ಮೆಟ್ಟಿಲು ಹತ್ತದಿದ್ದರೆ ಹೊಸ ವ್ಯಾಸಂಗದೊಳಗೂ ಹಳೆಯ ಬಿರುಕೇ ಮುಂದುವರಿಯುತ್ತದೆ.

ಹೊಣೆ ಎರಡೂ ಕಡೆ ಇದೆ. ಪಾಂಡಿತ್ಯವಿದ್ದವರಿಗೆ ಬೋಧನೆ ತಾನಾಗಿ ಒಲಿಯುತ್ತದೆಂಬ ನಂಬಿಕೆ ಸಾಹಿತ್ಯ ವಿಭಾಗಗಳಲ್ಲಿ ಬಲವಾಗಿದೆ. ಬಿ.ಎಡ್. ಎಂಬುದನ್ನು ನೌಕರಿಗಾಗಿ ದಾಟಬೇಕಾದ ಸುಂಕದಕಟ್ಟೆಯೆಂದೇ ಅಲ್ಲಿನ ವಿದ್ಯಾರ್ಥಿಗಳು ಕಾಣುತ್ತಾರೆ. ಇನ್ನೊಂದು ಕಡೆ, ಯಾವ ವಿಷಯಕ್ಕಾದರೂ ಒಂದೇ ಅಚ್ಚಿನ ಪಾಠಯೋಜನೆ ಸಲ್ಲುತ್ತದೆಂಬ ಭಾವನೆ ತರಬೇತಿ ಸಂಸ್ಥೆಗಳಲ್ಲಿದೆ. ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಂಬ ಅಂಕಣಗಳು ತುಂಬಿದ್ದರೆ ಪಾಠವೂ ತುಂಬಿತೆಂದು ಭಾವಿಸಲಾಗುತ್ತದೆ. ರನ್ನನ ದುರ್ಯೋಧನನನ್ನು ಅರ್ಥಮಾಡಿಸಲು ಬೇಕಾದ ಸಿದ್ಧತೆ ಆ ಅಂಕಣಗಳಲ್ಲಿ ಅಡಗುವಂಥದಲ್ಲ.

ಇವೆರಡೂ ಒಬ್ಬರಲ್ಲಿಯೇ ಕೂಡಿ ಬರಬಲ್ಲವೆಂಬುದಕ್ಕೆ ಪಂಜೆ ಮಂಗೇಶರಾಯರು ಸಾಕ್ಷಿ. ಶಾಲಾ ಅಧ್ಯಾಪಕರಾಗಿ, ಇನ್‌ಸ್ಪೆಕ್ಟರಾಗಿ ದುಡಿದು, ಮಕ್ಕಳ ನಾಲಗೆಯಲ್ಲಿ ನಲಿಯುವ ಪದ್ಯಗಳನ್ನು ಬರೆದವರು ಅವರು. ಕಿಟೆಲರ ‘ಶಬ್ದಮಣಿದರ್ಪಣ’ವನ್ನು ಪರಿಷ್ಕರಿಸಿದವರೂ ಅವರೇ. ಕೇಶಿರಾಜನ ಸೂತ್ರಗಳಲ್ಲಿ ಪಳಗಿದ ಬುದ್ಧಿಯು ಮಕ್ಕಳ ತರಗತಿಗೆ ಹೊರೆಯಾಗಲಿಲ್ಲ. ಎಲ್ಲರೂ ಪಂಜೆಯವರಾಗಲಾರರು ಎಂಬುದು ನಿಜ. ಆದ್ದರಿಂದಲೇ ವ್ಯಕ್ತಿಯ ಪ್ರತಿಭೆಯಿಂದ ಆದುದನ್ನು ವ್ಯವಸ್ಥೆಯು ತಕ್ಕಮಟ್ಟಿಗಾದರೂ ಸಾಧಿಸಬೇಕಾಗಿದೆ.

ಅದಕ್ಕೆ ಬೃಹತ್ ಸುಧಾರಣೆಗಳನ್ನು ಕಾಯಬೇಕಾಗಿಲ್ಲ. ಕನ್ನಡ ಬೋಧನಾ ಪತ್ರಿಕೆಯನ್ನು ಶಿಕ್ಷಣ ವಿಭಾಗದ ಒಬ್ಬರೂ ಕನ್ನಡ ವಿಭಾಗದ ಒಬ್ಬರೂ ಸೇರಿ ಕಲಿಸಬಹುದು. ಪ್ರತಿ ಪ್ರಶಿಕ್ಷಣಾರ್ಥಿಯ ಅಭ್ಯಾಸಪಾಠಗಳಲ್ಲಿ ಹಳಗನ್ನಡ ಪದ್ಯ, ಹಳಗನ್ನಡ ಗದ್ಯ, ಛಂದಸ್ಸು ಇವುಗಳಿಂದ ಒಂದೊಂದಾದರೂ ಕಡ್ಡಾಯವಾಗಬೇಕು. ಕ್ಷೇತ್ರಾನುಭವದ ವಾರಗಳಲ್ಲಿ ಹಿರಿಯ ಪ್ರೌಢಶಾಲಾ ಅಧ್ಯಾಪಕರ ಮಾರ್ಗದರ್ಶನಕ್ಕೆ ಕಡತದ ಸಹಿಗಿಂತ ಹೆಚ್ಚಿನ ಬೆಲೆ ಸಲ್ಲಬೇಕು. ಎಂ.ಎ. ವ್ಯಾಸಂಗದಲ್ಲಿಯೂ ಒಂದು ಕಾವ್ಯಭಾಗವನ್ನು ಕಿರಿಯರಿಗೆ ವಿವರಿಸಿ ಹೇಳುವುದು ಪರೀಕ್ಷೆಯ ಅಂಗವಾಗಬಹುದು. ಮಕ್ಕಳಿಗೆ ತಿಳಿಯುವಂತೆ ಹೇಳಲು ಹೊರಟಾಗಲೇ ತನ್ನ ಅರಿವಿನ ಬಿರುಕುಗಳು ವಿದ್ವಾಂಸನಿಗೂ ಕಾಣಿಸಿಕೊಳ್ಳುತ್ತವೆ.

ಇಂದು ಹಸ್ತಪ್ರತಿಗಳನ್ನೂ ಶಾಸನಗಳನ್ನೂ ಓದಬಲ್ಲವರು ವಿರಳರಾಗುತ್ತಿದ್ದಾರೆಂಬ ವ್ಯಥೆ ವಿಚಾರಸಂಕಿರಣಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆ ವಿರಳತೆ ಆರಂಭವಾಗುವುದು ಸಂಶೋಧನ ಕೇಂದ್ರದಲ್ಲಲ್ಲ. ಹಳಗನ್ನಡದ ಪಾಠವು ಗೈಡಿನ ಸಾರಾಂಶಕ್ಕೆ ಇಳಿದ ತರಗತಿಯಲ್ಲಿ. ಪಂಪನನ್ನು ಶಾಲೆಯಲ್ಲಿ ಕಷ್ಟವೆಂದು ಬದಿಗಿರಿಸಿದ ವಿದ್ಯಾರ್ಥಿ ಮುಂದೆ ತಾಳೆಗರಿಯ ಕಟ್ಟನ್ನು ಬಿಚ್ಚುವ ಸಂಭವ ತೀರ ಕಡಿಮೆ. ಕನ್ನಡ ವಿಭಾಗಗಳು ಪ್ರೌಢಶಾಲಾ ಅಧ್ಯಾಪಕರ ಸಿದ್ಧತೆಯನ್ನು ಪರರ ಕೆಲಸವೆಂದು ಬಿಟ್ಟುಕೊಟ್ಟಷ್ಟು ಕಾಲ, ತಮ್ಮಲ್ಲಿಗೆ ಬರಬೇಕಾದ ನಾಳಿನ ಓದುಗರನ್ನೂ ಬಿಟ್ಟುಕೊಡುತ್ತಲೇ ಇರುತ್ತವೆ.