‘ಳ’ಕಾರದ ಜಾಗ

ನಮ್ಮ ವರ್ಣಮಾಲೆಯಲ್ಲಿ ‘ಳ’ ಇರುವುದು ‘ಹ’ದ ನಂತರ. ಹಾಗಾಗಿ ನಿಘಂಟಿನಲ್ಲಿ ‘ಬೋಸಿ’ ಮೊದಲು, ಮಂಗಳೂರಿನ ‘ಬೋಳಾರ’ ಆಮೇಲೆ. ಯೂನಿಕೋಡ್ ಪಟ್ಟಿಯಲ್ಲಿ ಮಾತ್ರ ‘ಳ’ ‘ಲ’ದ ಬೆನ್ನಿಗೇ ಕೂತಿದೆ. ಲೇಟೆಕ್‌ನ ಗ್ಲಾಸರೀಸ್ ಪ್ಯಾಕೇಜು ಪದಕೋಶವನ್ನು ಮೇಕ್‌ಇಂಡೆಕ್ಸ್‌ಗೆ ಒಪ್ಪಿಸಿದರೆ, ಅದು ಆ ಪಟ್ಟಿಯನ್ನೇ ನಂಬಿ ಬೋಳಾರವನ್ನು ಮುಂದಕ್ಕೆ ತಳ್ಳುತ್ತದೆ.

‘ಹುಡುಕುವ ಸೌಲಭ್ಯ ಇದೆಯಲ್ಲ, ಕ್ರಮ ಯಾಕೆ?’ ಎನ್ನುವವರಿದ್ದಾರೆ. ಅಚ್ಚಾದ ಪುಟದಲ್ಲಿ ಅದೆಲ್ಲಿದೆ ಸ್ವಾಮಿ? ಓದುಗ ಇರಬೇಕಾದ ಜಾಗದಲ್ಲಿ ಹುಡುಕುತ್ತಾನೆ. ಸಿಗದಿದ್ದರೆ ಪದವೇ ಇಲ್ಲವೆಂದು ಪುಸ್ತಕ ಮುಚ್ಚುತ್ತಾನೆ.

1894ರಲ್ಲಿ ಇದೇ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಕಿಟ್ಟೆಲ್ ನಿಘಂಟನ್ನು ಕೈಯಲ್ಲೇ ಮೊಳೆ ಜೋಡಿಸಿ ಅಚ್ಚು ಹಾಕಿತು. ಇಂದಿನ ಸಂಪಾದಕರಿಗೆ ಯಾವ ನೆಪವೂ ಇಲ್ಲ. ಮೇಕ್‌ಇಂಡೆಕ್ಸ್ ಬದಲು ಕ್ಸಿಂಡಿ ಬಳಸಿ, ಕನ್ನಡದ ಅಕ್ಷರಕ್ರಮವನ್ನು ಅದಕ್ಕೆ ಒಮ್ಮೆ ಬರೆದುಕೊಡಿ. ಅಷ್ಟೂ ಮಾಡದವರು ಪದಕೋಶ ಮಾಡಿದೆವೆಂದು ಹೇಳಿಕೊಳ್ಳಬಾರದು.